ನನ್ನದೇ ರಕ್ತ ತಗೊಳ್ಳಿ, ಡಾಕ್ಟ್ರೇ

ಮಗುವಿಗೆ ರಕ್ತ ಏರಿಸಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಅಪ್ಪನಾದವನ ಕೈ ತಾನಾಗಿ ಅಂಗಿಯ ತೋಳಿಗೆ ಹೋಗುತ್ತದೆ. ‘ನನ್ನದೇ ತಗೊಳ್ಳಿ ಡಾಕ್ಟ್ರೇ, ಎಷ್ಟು ಬೇಕಾದರೂ ತಗೊಳ್ಳಿ’ ಅನ್ನುತ್ತಾನೆ. ಹಿಂದೆಯೇ ಹೆತ್ತ ಆಯಿ ಬಂದು ನಿಲ್ಲುತ್ತಾಳೆ. ಅಷ್ಟರಲ್ಲಿ ಸದಾಶಿವಗಡದಿಂದ ಸೋದರಮಾವ, ಅಂಕೋಲೆಯಿಂದ ಚಿಕ್ಕಪ್ಪ ಬೈಕು ಹತ್ತಿ ಹೊರಟಾಗಿರುತ್ತದೆ. ಕಾರವಾರದ ಕಡೆಯ ಆಸ್ಪತ್ರೆಗಳ ಮೊಗಸಾಲೆಯಲ್ಲಿ ಈ ದೃಶ್ಯ ಹೊಸದೇನಲ್ಲ. ಕೋಡಿಬಾಗದ ಒಂದು ಮನೆಯ ಮಗುವಿಗೆ ಕಷ್ಟ ಬಂದರೆ ಕೇರಿಯ ಹುಡುಗರೆಲ್ಲ ಬಂದು ಸಾಲಾಗಿ ನಿಲ್ಲುತ್ತಾರೆ.

ಆಗ ಡಾಕ್ಟರ ಬಾಯಿಂದ ಯಾರೂ ಎಣಿಸದ ಮಾತು ಬರುತ್ತದೆ: ‘ಮಗುವಿಗೆ ನಿಮ್ಮ ರಕ್ತ ಬೇಡ. ರಕ್ತ ಕೇಂದ್ರದಲ್ಲಿ ಇರುವುದನ್ನು ಕೊಡುತ್ತೇವೆ. ನೀವು ಕೊಡುವುದಿದ್ದರೆ ಅಲ್ಲಿಗೆ ಕೊಡಿ.’

ಅಪ್ಪನ ಮುಖ ಸಣ್ಣದಾಗುತ್ತದೆ. ಗುಂಪು ಒಂದೇ, ಹೆತ್ತವನು ತಾನೇ, ಕುಡಿತವಿಲ್ಲ, ಬೀಡಿಯಿಲ್ಲ. ಗುರುತು ಪರಿಚಯ ಇಲ್ಲದವರದು ನಡೆಯುತ್ತದೆ, ತನ್ನದು ನಡೆಯುವುದಿಲ್ಲವೆ? ಈ ಪ್ರಶ್ನೆಯ ಹಿಂದಿರುವುದು ಪ್ರೀತಿ, ಅದರ ಬೆನ್ನಿಗೇ ಭಯ. ಎರಡಕ್ಕೂ ಸರಿಯಾದ ಉತ್ತರ ಸಿಗಬೇಕು. ಗಡಿಬಿಡಿಯ ವಾರ್ಡಿನಲ್ಲಿ ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಾಕ್ಟರಿಗೆ ಇರುವುದಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಅಪ್ಪನ ಧಮನಿ, ಮಗುವಿನ ಕಾಲು

ಮೊದಲು ಅಪ್ಪನ ಪರವಾಗಿ ಒಂದು ಮಾತು. 1908ರಲ್ಲಿ ನ್ಯೂಯಾರ್ಕಿನ ಒಬ್ಬ ಶಸ್ತ್ರವೈದ್ಯನ ಮನೆಯಲ್ಲಿ, ಹುಟ್ಟಿ ಕೆಲವೇ ದಿನಗಳಾಗಿದ್ದ ಹೆಣ್ಣುಮಗುವಿಗೆ ರಕ್ತಸ್ರಾವ ನಿಲ್ಲದೆ ಮೈ ಬಿಳಚಿಕೊಂಡಿತ್ತು. ರಕ್ತವನ್ನು ಹೆಪ್ಪುಗಟ್ಟದಂತೆ ತೆಗೆದಿಡುವ ಉಪಾಯ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಅಲೆಕ್ಸಿ ಕ್ಯಾರೆಲ್ ಎಂಬ ಶಸ್ತ್ರವೈದ್ಯರು ಅಪ್ಪನ ಮಣಿಕಟ್ಟಿನ ಧಮನಿಯನ್ನು ಮಗುವಿನ ಕಾಲಿನ ಅಭಿಧಮನಿಗೆ ಸೂಕ್ಷ್ಮ ದಾರದಿಂದ ಹೊಲಿದುಬಿಟ್ಟರು. ಅಪ್ಪನ ಎದೆಬಡಿತವೇ ಮಗುವಿನ ಮೈಗೆ ರಕ್ತ ತಳ್ಳಿತು. ಬಿಳಚಿದ್ದ ಮೈಗೆ ಬಣ್ಣ ಬಂತು, ಮಗು ಬದುಕಿತು. ರಕ್ತನಾಳಗಳನ್ನು ಹೊಲಿಯುವ ಈ ವಿದ್ಯೆಯೂ ಸೇರಿದಂತೆ ತಮ್ಮ ಕೆಲಸಕ್ಕಾಗಿ ಕ್ಯಾರೆಲ್ 1912ರಲ್ಲಿ ನೊಬೆಲ್ ಪಡೆದರು.

ರಕ್ತ ಕೂಡಿಡಲು ಬಾರದ ಕಾಲದಲ್ಲಿ ಮನೆಯವರ ರಕ್ತ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1914–15ರ ಸುಮಾರಿಗೆ ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂಬುದು ಗೊತ್ತಾಯಿತು. 1937ರಲ್ಲಿ ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತ ಸಂಗ್ರಹ ಆರಂಭಿಸಿ ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ಇಂದು ಕೊಟ್ಟ ರಕ್ತ ಮುಂದಿನ ತಿಂಗಳು ಇನ್ನೊಬ್ಬರಿಗೆ ಆಗುವಂತಾಯಿತು. ಕೊಡುವವರೂ ಪಡೆಯುವವರೂ ಒಬ್ಬರನ್ನೊಬ್ಬರು ನೋಡುವ ಅಗತ್ಯವೇ ಉಳಿಯಲಿಲ್ಲ. ವೈದ್ಯಕೀಯ ಅಷ್ಟು ದೂರ ಬಂದರೂ ನಮ್ಮ ಮನಸ್ಸು ಮಾತ್ರ ಇನ್ನೂ 1908ರ ಆ ಅಪ್ಪನ ಜಾಗದಲ್ಲೇ ನಿಂತಿದೆ. ತಪ್ಪಲ್ಲ, ಕರುಳು ಇರುವುದೇ ಹಾಗೆ.

‘ಇಂಥ ರೋಗಿಗೇ ಸೇರಬೇಕು’ ಎಂದು ಗುರುತಿಟ್ಟು ಕೊಡುವ ರಕ್ತಕ್ಕೆ ವೈದ್ಯರು ಡೈರೆಕ್ಟೆಡ್ ಡೊನೇಷನ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚು ರೂಢಿಯಲ್ಲಿರುವುದು ಬದಲಿ ರಕ್ತ, ಅಂದರೆ ರಿಪ್ಲೇಸ್‌ಮೆಂಟ್. ಕೇಂದ್ರದಿಂದ ಒಂದು ಬಾಟಲಿ ಒಯ್ದರೆ ಮನೆಯವರೋ ಸ್ನೇಹಿತರೋ ಬಂದು ಒಂದು ಬಾಟಲಿ ಕೊಡುವುದು. ಅದು ಮಗುವಿಗೆ ಹೋಗುವುದಿಲ್ಲ, ಕೇಂದ್ರದ ಫ್ರಿಜ್ಜಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ‘ನನ್ನ ರಕ್ತದಿಂದಲೇ ಹುಡುಗ ಉಳಿದ’ ಎಂದು ಮಾವ ನಂಬಿಕೊಂಡಿರುತ್ತಾನೆ. ನಿಜವಾಗಿ ಹುಡುಗನನ್ನು ಉಳಿಸಿದ್ದು ಎಂದೋ ಒಂದು ಶಿಬಿರದಲ್ಲಿ ಯಾರೋ ಕೊಟ್ಟ ರಕ್ತ. ಮಾವನದು ಇನ್ನಾರನ್ನೋ ಉಳಿಸಿರುತ್ತದೆ.

ತನ್ನವರೆಂದು ಒಳಗೆ ಬಿಟ್ಟರೆ

ಹಾಗಾದರೆ ಹೆತ್ತವರ ರಕ್ತ ಏಕೆ ಬೇಡ? ಎ, ಬಿ, ಓ ಗುಂಪು ಹೊಂದಿದರೆ ಸಾಲದೆ?

ರಕ್ತದಲ್ಲಿ ಕೆಂಪುಕಣಗಳ ಜೊತೆಗೆ ಬಿಳಿಕಣಗಳೂ ಇರುತ್ತವೆ. ಅವುಗಳಲ್ಲಿ ಲಿಂಫೋಸೈಟ್ ಎಂಬುವು ಮೈಯ ಕಾವಲುಗಾರರು. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ಕಾವಲುಗಾರರು ಅದನ್ನು ನೋಡಿ ‘ಇವ ನಮ್ಮವ, ಇವ ಹೊರಗಿನವ’ ಎಂದು ತೀರ್ಮಾನಿಸುತ್ತಾರೆ. ಪ್ರತಿ ಮಗುವಿಗೂ ಈ ಗುರುತಿನ ಒಂದು ಕಂತೆ ಅಪ್ಪನಿಂದ, ಇನ್ನೊಂದು ಕಂತೆ ಆಯಿಯಿಂದ ಬರುತ್ತದೆ.

ಅಪರಿಚಿತರ ರಕ್ತ ಏರಿಸಿದಾಗ ಅದರೊಳಗಿನ ಲಿಂಫೋಸೈಟುಗಳನ್ನು ಮಗುವಿನ ಕಾವಲುಗಾರರು ಹೊರಗಿನವೆಂದು ಗುರುತಿಸಿ ಕೊಂದುಹಾಕುತ್ತಾರೆ. ಕೆಂಪುಕಣ ಉಳಿದು ತನ್ನ ಕೆಲಸ ಮಾಡುತ್ತದೆ. ಈಗ ಅಪ್ಪನ ಎರಡೂ ಕಂತೆಗಳು ಒಂದೇ ಬಗೆಯವು ಎಂದಿಟ್ಟುಕೊಳ್ಳಿ, ‘ಕ’ ಮತ್ತು ‘ಕ’. ಮಗುವಿನದು ಅಪ್ಪನಿಂದ ‘ಕ’, ಆಯಿಯಿಂದ ‘ಖ’. ಅಪ್ಪನ ಲಿಂಫೋಸೈಟು ಮೈಯೊಳಗೆ ಬಂದಾಗ ಮಗುವಿನ ಕಾವಲುಗಾರರಿಗೆ ಕಾಣುವುದು ‘ಕ’ ಮಾತ್ರ. ನಮ್ಮವನೇ ಎಂದು ಬಿಟ್ಟುಬಿಡುತ್ತಾರೆ. ಆದರೆ ಬಂದವನಿಗೆ ಮಗುವಿನ ‘ಖ’ ಪರಕೀಯವಾಗಿ ಕಾಣುತ್ತದೆ. ಒಳಗೇ ಇದ್ದುಕೊಂಡು, ಸಂಖ್ಯೆ ಬೆಳೆಸಿಕೊಂಡು, ಮಗುವಿನ ಚರ್ಮ, ಕರುಳು, ಯಕೃತ್ತು, ಎಲುಬಿನ ಮಜ್ಜೆಯ ಮೇಲೆ ಎರಗುತ್ತದೆ.

ಇದಕ್ಕೆ ವೈದ್ಯರು ಇಟ್ಟ ಹೆಸರಿನ ಚಿಕ್ಕ ರೂಪ ಟಿಎ-ಜಿವಿಎಚ್‌ಡಿ. ರಕ್ತ ಏರಿಸಿ ವಾರ, ಹತ್ತು ದಿನಕ್ಕೆ ಜ್ವರ, ಮೈಮೇಲೆ ಕೆಂಪು ದದ್ದು, ಭೇದಿ, ಕಾಮಾಲೆ. ಕೊನೆಗೆ ಮಜ್ಜೆಯೇ ಬತ್ತಿಹೋಗುತ್ತದೆ. ತೀರಾ ಅಪರೂಪದ ತೊಂದರೆ, ಆದರೆ ಬಂದರೆ 100ರಲ್ಲಿ 90ಕ್ಕೂ ಹೆಚ್ಚು ರೋಗಿಗಳು ಉಳಿಯುವುದಿಲ್ಲ. ಜಪಾನಿನಲ್ಲಿ ಶಸ್ತ್ರಚಿಕಿತ್ಸೆಯಾದ ಕೆಲವರ ಮೈಯೆಲ್ಲ ಕೆಂಪಾಗಿ ಸಾವು ಸಂಭವಿಸುವುದನ್ನು ಅಲ್ಲಿನ ವೈದ್ಯರು 1950ರ ದಶಕದಲ್ಲೇ ದಾಖಲಿಸಿದ್ದರು. ಕಾರಣ ತಿಳಿಯಲು ದಶಕಗಳು ಬೇಕಾದವು. ಆಗಷ್ಟೇ ತೆಗೆದ ತಾಜಾ ರಕ್ತ, ಅದರಲ್ಲೂ ಒಡಲ ಸಂಬಂಧಿಗಳ ರಕ್ತ, ಈ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಈಗ ಎಲ್ಲರೂ ಒಪ್ಪಿದ ವಿಷಯ. ‘ಬಿಸಿ ರಕ್ತವೇ ಒಳ್ಳೆಯದು’ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಎರಡೂ ಕಂತೆ ಒಂದೇ ಆಗಿರುವ ಸಾಧ್ಯತೆ ಯಾರಲ್ಲಿ ಹೆಚ್ಚು? ತಂದೆತಾಯಿಗಳು ಮೊದಲೇ ಸಂಬಂಧಿಗಳಾಗಿದ್ದವರಲ್ಲಿ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವ ನಮ್ಮ ನಾಡಿನಲ್ಲಿ ಈ ಮಾತನ್ನು ಪರದೇಶದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಪರಿಹಾರ ಇದೆ. ರಕ್ತದ ಚೀಲಕ್ಕೆ ಸುಮಾರು 25 ಗ್ರೇಯಷ್ಟು ವಿಕಿರಣ ಹಾಯಿಸಿದರೆ ಲಿಂಫೋಸೈಟುಗಳು ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಕೆಂಪುಕಣಗಳಿಗೆ ಹೆಚ್ಚಿನ ಧಕ್ಕೆಯಿಲ್ಲ. ಒಡಲ ಸಂಬಂಧಿಯ ರಕ್ತ ಕೊಡಲೇಬೇಕಾದರೆ ಹೀಗೆ ವಿಕಿರಣ ಹಾಯಿಸಿಯೇ ಕೊಡಬೇಕು ಎಂಬುದು ನಿಯಮ. ಆದರೆ ಆ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಸಿಗುತ್ತದೆಯೇ ಹೊರತು ಎಲ್ಲ ಊರಿನಲ್ಲೂ ಅಲ್ಲ. ಬಿಳಿಕಣ ಸೋಸುವ ಫಿಲ್ಟರ್ ಒಂದನ್ನೇ ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ.

ಆಯಿಯ ವಿಷಯದಲ್ಲಿ ಇನ್ನೂ ಒಂದು ತೊಡಕು. ಬಸಿರಿನಲ್ಲಿ ಮಗುವಿನ ರಕ್ತಕಣಗಳ ಸಂಪರ್ಕಕ್ಕೆ ಬಂದ ತಾಯಿಯ ಮೈ, ಮಗುವಿಗೆ ಅಪ್ಪನಿಂದ ಬಂದ ಗುರುತುಗಳ ವಿರುದ್ಧ ಪ್ರತಿಕಾಯ ತಯಾರಿಸಿಟ್ಟುಕೊಂಡಿರಬಹುದು. ಅವಳ ರಕ್ತ ಕೊಟ್ಟರೆ ಆ ಪ್ರತಿಕಾಯಗಳೂ ಮಗುವಿಗೆ ಹೋಗುತ್ತವೆ. ಅದೇ ಪ್ರತಿಕಾಯಗಳು ಎಳೆಗೂಸಿನ ಮೈಗೆ ಮೊದಲೇ ದಾಟಿದ್ದರೆ ಅಪ್ಪನ ಕೆಂಪುಕಣಗಳನ್ನೂ ಒಡೆಯಬಲ್ಲವು. ಹೆರಿಗೆಯಾಗಿ ವರ್ಷ ತುಂಬುವ ತನಕ, ಹಾಲುಣಿಸುವಷ್ಟು ಕಾಲ ತಾಯಿಯಿಂದ ಸಾಮಾನ್ಯವಾಗಿ ರಕ್ತ ತೆಗೆದುಕೊಳ್ಳುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಕೊಡಲು ಮುಂದೆ ಬಂದ ಆಯಿಗೇ ರಕ್ತ ಬೇಕಾಗಿರುತ್ತದೆ.

ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್, ಮಜ್ಜೆ ಬತ್ತುವ ರೋಗ ಇರುವ ಮಕ್ಕಳಿಗಂತೂ ಮನೆಯವರ ರಕ್ತವನ್ನು ಬೇಕೆಂದೇ ದೂರ ಇಡುತ್ತಾರೆ. ಮುಂದೊಂದು ದಿನ ಆ ಮಗುವಿಗೆ ಅಣ್ಣನದೋ ತಂಗಿಯದೋ ಮಜ್ಜೆ ಕಸಿ ಮಾಡಬೇಕಾಗಬಹುದು. ಈಗಲೇ ಮನೆಯವರ ರಕ್ತ ಕೊಟ್ಟರೆ ಮಗುವಿನ ಮೈ ಅದನ್ನು ನೆನಪಿಟ್ಟುಕೊಂಡು ಆಮೇಲೆ ಕಸಿಯನ್ನೇ ತಿರಸ್ಕರಿಸಬಹುದು. ಇವತ್ತಿನ ಒಂದು ಬಾಟಲಿಗಾಗಿ ನಾಳಿನ ಬದುಕನ್ನು ಪಣಕ್ಕಿಟ್ಟಂತೆ.

ಎಲ್ಲರೆದುರು ಇಲ್ಲ ಎನ್ನಲಾಗದವನು

‘ಯಾರ ರಕ್ತವೋ ಏನೋ’ ಎಂಬ ಭಯಕ್ಕೆ ಕಾರಣ ಇಲ್ಲದಿಲ್ಲ. 2025ರ ಅಕ್ಟೋಬರಿನಲ್ಲಿ ಝಾರ್ಖಂಡದ ಚಾಯಿಬಾಸಾದಲ್ಲಿ ಥಲಸ್ಸೀಮಿಯಾ ಇದ್ದು ರಕ್ತ ಏರಿಸಿಕೊಳ್ಳುತ್ತಿದ್ದ ಐವರು ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾದ ಸುದ್ದಿ ಓದಿದ ಯಾವ ತಾಯಿ ನಿಶ್ಚಿಂತೆಯಿಂದ ನಿದ್ದೆ ಮಾಡಿಯಾಳು? 1980ರ ದಶಕದಲ್ಲಿ ಏಡ್ಸ್ ಹೆದರಿಕೆ ಹಬ್ಬಿದಾಗ ಅಮೆರಿಕದ ಅಪ್ಪ ಅಮ್ಮಂದಿರೂ ‘ನಮ್ಮ ಮಗುವಿಗೆ ನಮ್ಮದೇ ರಕ್ತ’ ಎಂದು ಪಟ್ಟು ಹಿಡಿದರು, ಆಸ್ಪತ್ರೆಗಳು ಒಪ್ಪಿದವು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಗುರುತಿಟ್ಟು ಕೊಟ್ಟ ರಕ್ತ ಸ್ವಯಂಪ್ರೇರಿತರ ರಕ್ತಕ್ಕಿಂತ ಹೆಚ್ಚು ಸುರಕ್ಷಿತವೇನೂ ಆಗಿರಲಿಲ್ಲ.

ಏಕೆ ಎಂಬುದು ನಮ್ಮ ಮನೆಗಳನ್ನು ಬಲ್ಲವರಿಗೆ ತಿಳಿಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಇಡೀ ಬಳಗ ನಿಂತಿದೆ. ಚಿಕ್ಕಪ್ಪನ ಗುಂಪು ಹೊಂದುತ್ತದೆ. ತನ್ನ ಬದುಕಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಅವನಿಗೆ ಮಾತ್ರ ಗೊತ್ತಿದೆ. ಅತ್ತಿಗೆ ಅಳುತ್ತಿರುವಾಗ ‘ನಾನು ಕೊಡಲಾರೆ’ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಕೇಂದ್ರದವರು ಕೊಟ್ಟ ಕಾಗದದಲ್ಲಿ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಗೀಟು ಹಾಕಿ ಕೈ ಚಾಚುತ್ತಾನೆ. ಯಾರ ಒತ್ತಾಯವೂ ಇಲ್ಲದೆ ಶಿಬಿರಕ್ಕೆ ಬಂದ ಅಪರಿಚಿತನಿಗೆ ಸುಳ್ಳು ಹೇಳುವ ಅಗತ್ಯವೇ ಇಲ್ಲ.

ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷೆ ಮಾಡುವುದು ಕಡ್ಡಾಯ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಆ ಕುರುಡು ಅವಧಿಯಲ್ಲಿ ಮಗುವನ್ನು ಕಾಯುವುದು ದಾನಿಯ ಸತ್ಯ ಒಂದೇ. ವರ್ಷಕ್ಕೆ ಎರಡು ಮೂರು ಸಲ ತಪ್ಪದೆ ಕೊಡುವವನ ರಕ್ತ ಪ್ರತಿ ಸಲವೂ ಪರೀಕ್ಷೆಯಾಗುತ್ತ ಬಂದಿರುತ್ತದೆ. ಜೀವಮಾನದಲ್ಲಿ ಮೊದಲ ಸಲ ಕೊಡುತ್ತಿರುವ ನೆಂಟನದು ಹಾಗಲ್ಲ.

ರಕ್ತ ಮಾರುವವರ ಕಾಲವನ್ನೂ ಈ ದೇಶ ಕಂಡಿದೆ. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ 1996ರ ಜನವರಿ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಷಿದ್ಧವಾಯಿತು. 2002ರ ರಾಷ್ಟ್ರೀಯ ರಕ್ತ ನೀತಿ ಬದಲಿ ರಕ್ತದ ಪದ್ಧತಿಯನ್ನೂ ಹಂತಹಂತವಾಗಿ ಕೈಬಿಟ್ಟು ಸ್ವಯಂಪ್ರೇರಿತ ದಾನವನ್ನೇ ನೆಚ್ಚಬೇಕು ಎಂದಿತು. ಇಷ್ಟು ವರ್ಷವಾದರೂ ‘ಇಬ್ಬರನ್ನು ಕರ್ಕೊಂಡು ಬನ್ನಿ’ ಎಂಬ ಮಾತು ನಿಂತಿಲ್ಲ. ಫ್ರಿಜ್ಜು ಖಾಲಿಯಾದಾಗ ಕೇಂದ್ರದವರಿಗೂ ಬೇರೆ ದಾರಿ ತೋಚುವುದಿಲ್ಲ. ಅದನ್ನು ತುಂಬಿಡಬೇಕಾದವರು ನಾವು.

ಸೇತುವೆ ಮುರಿದ ರಾತ್ರಿ

ಕಾರವಾರದವರಿಗೆ ಈ ಮಾತು ಉಳಿದವರಿಗಿಂತ ಹೆಚ್ಚು ತಟ್ಟಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕೋಡಿಬಾಗವನ್ನೂ ಸದಾಶಿವಗಡವನ್ನೂ ಜೋಡಿಸುವ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಲಾರಿಯೊಂದು ನೀರಿಗೆ ಬಿದ್ದರೂ ಅದರ ಚಾಲಕ ಪುಣ್ಯಕ್ಕೆ ಬದುಕಿ ಬಂದ. ಪಕ್ಕದ ಹೊಸ ಸೇತುವೆ ಗಟ್ಟಿಯಿದೆಯೆ ಎಂದು ನೋಡುವ ತನಕ ಅದರ ಮೇಲೂ ಓಡಾಟ ನಿಂತಿತು. ದಕ್ಷಿಣಕ್ಕೆ ಮಂಗಳೂರು, ಮಣಿಪಾಲ, ಉತ್ತರಕ್ಕೆ ಗೋವೆಯ ಬಾಂಬೋಳಿ, ಘಟ್ಟ ಹತ್ತಿದರೆ ಹುಬ್ಬಳ್ಳಿ. ದೊಡ್ಡ ಕಾಯಿಲೆ ಬಂದರೆ ಉತ್ತರ ಕನ್ನಡದವರು ಹಿಡಿಯುವ ದಾರಿಗಳು ಇವು. ಅವುಗಳಲ್ಲಿ ಎರಡು ಒಂದೇ ಮಳೆಗಾಲದಲ್ಲಿ ಕಡಿದುಹೋದವು.

ಅಂಥ ರಾತ್ರಿಯಲ್ಲಿ ಮಗುವಿಗೆ ರಕ್ತ ಬೇಕಾದರೆ ಒದಗುವುದು ಊರಿನ ರಕ್ತ ಕೇಂದ್ರದ ಫ್ರಿಜ್ಜಿನಲ್ಲಿ ಆಗಲೇ ಸಿದ್ಧವಿರುವ ಚೀಲ ಮಾತ್ರ. ಅಪ್ಪ ಬಾಗಿಲಲ್ಲೇ ನಿಂತಿದ್ದರೂ ಅವನ ರಕ್ತ ತೆಗೆದು, ಪರೀಕ್ಷಿಸಿ, ಘಟಕಗಳನ್ನು ಬೇರ್ಪಡಿಸಿ, ಹೊಂದಾಣಿಕೆ ನೋಡಿ ಕೊಡಲು ಗಂಟೆಗಳು ಹಿಡಿಯುತ್ತವೆ. ಗುರುತಿಟ್ಟು ಕೊಡುವ ರಕ್ತಕ್ಕೆ ಒಂದೆರಡು ದಿನವೇ ಬೇಕಾದೀತು. ರಕ್ತ ಸುರಿಯುತ್ತಿರುವ ಮಗು ಅಷ್ಟು ಹೊತ್ತು ಕಾಯುವುದಿಲ್ಲ.

ಮಗುವಿಗೆ ಬೇಕಾಗುವುದಾದರೂ ಎಷ್ಟು? ಕಿಲೋ ತೂಕಕ್ಕೆ 10ರಿಂದ 15 ಮಿಲಿಲೀಟರ್. 10 ಕಿಲೋದ ಕೂಸಿಗೆ ಒಂದು ಲೋಟದಷ್ಟು. ಆದರೆ ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ಬೇಕು. ಮೂರು ವಾರಕ್ಕೊಮ್ಮೆ ಎಂದರೂ ವರ್ಷಕ್ಕೆ 17 ಸಲ. ಒಬ್ಬ ಗಂಡಸು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಲ ಕೊಡಬಲ್ಲ. ಒಂದೇ ಗುಂಪಿನ ಐವರು ಗಂಡಾಳುಗಳು ಒಮ್ಮೆಯೂ ತಪ್ಪಿಸದೆ ಕೊಡುತ್ತ ಹೋದರೆ ಆ ಒಂದು ಮಗುವಿಗೆ ಸಾಕಾದೀತು. ಯಾವ ಮನೆತನಕ್ಕೂ ಇದು ಆಗುವ ಮಾತಲ್ಲ. ಊರು ಸೇರಿದರೆ ಮಾತ್ರ ಆದೀತು.

ಮನೆಯವರೇ ಬೇಕಾದಾಗ

ಹಾಗೆಂದು ರಕ್ತಸಂಬಂಧಕ್ಕೆ ಬೆಲೆಯೇ ಇಲ್ಲ ಎನ್ನಲಾಗದು. ಒಡಹುಟ್ಟಿದವರನ್ನೇ ಹುಡುಕಬೇಕಾದ ಸಂದರ್ಭಗಳಿವೆ. ಅವುಗಳಲ್ಲಿ ಒಂದು ನಮ್ಮ ಕರಾವಳಿಗೆ ಬಹಳ ಹತ್ತಿರದ್ದು.

1952ರಲ್ಲಿ ಮುಂಬೈಯಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಹೊಸ ಬಗೆಯ ರಕ್ತವೊಂದನ್ನು ಗುರುತಿಸಿದರು. ಅದೇ ಬಾಂಬೆ ಬ್ಲಡ್ ಗ್ರೂಪ್. ಕಾರವಾರವೂ ಆಗ ಬಾಂಬೆ ರಾಜ್ಯದಲ್ಲೇ ಇತ್ತು. ಎ ಮತ್ತು ಬಿ ಗುರುತುಗಳು ಮೂಡಲು ಕೆಂಪುಕಣದ ಮೇಲೆ ಎಚ್ ಎಂಬ ತಳಹದಿ ಬೇಕು. ಓ ಗುಂಪಿನವರಲ್ಲಿ ಬರೀ ಎಚ್ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. ಮೇಲುಮೇಲಿನ ಪರೀಕ್ಷೆಯಲ್ಲಿ ಅವರು ಓ ಎಂದೇ ಕಾಣುತ್ತಾರೆ, ಆದರೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಈ ಗುಂಪು ಎಂಬ ಅಂದಾಜಿದೆ. ಕೊಂಕಣ ಸೀಮೆಯಲ್ಲಿ, ಅದರಲ್ಲೂ ರತ್ನಾಗಿರಿಯ ಕಡೆ, ಹೆಚ್ಚು. ಇಂಥ ಮಗುವಿಗೆ ರಕ್ತ ಬೇಕಾದರೆ ಮೊದಲು ನೋಡುವುದೇ ಅಣ್ಣತಮ್ಮ, ಅಕ್ಕತಂಗಿಯರನ್ನು. ಸಾಮಾನ್ಯವಾಗಿ ನಾಲ್ವರಲ್ಲಿ ಒಬ್ಬರಿಗೆ ಅದೇ ಗುಂಪು ಇರುವ ಸಾಧ್ಯತೆ ಇರುತ್ತದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಷನ್ ಈ ಗುಂಪಿನವರನ್ನು ಒಬ್ಬರಿಗೊಬ್ಬರು ಜೋಡಿಸಲೆಂದೇ ಜಾಲವೊಂದನ್ನು ನಡೆಸುತ್ತಿದೆ.

ತಾಯಿಯೇ ಬೇಕಾಗುವ ಸಂದರ್ಭವೂ ಉಂಟು. ಬಸಿರಿನಲ್ಲೇ ತಾಯಿಯ ಪ್ರತಿಕಾಯಗಳು ಕೂಸಿನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿದ್ದರೆ, ಹುಟ್ಟಿದ ಮೇಲೆ ಆ ಕೂಸಿಗೆ ಹೊಂದುವ ಪ್ಲೇಟ್‌ಲೆಟ್ ತಾಯಿಯದೇ ಆಗಿರಬಹುದು. ಅದನ್ನು ತೊಳೆದು, ವಿಕಿರಣ ಹಾಯಿಸಿ ಕೊಡುತ್ತಾರೆ. ಕೆಲವೊಮ್ಮೆ ಮನೆಯವರೂ ಹೊಂದುವುದಿಲ್ಲ. ಕೋಲಾರ ಜಿಲ್ಲೆಯ 38ರ ಮಹಿಳೆಯೊಬ್ಬರ ಹೃದಯ ಶಸ್ತ್ರಚಿಕಿತ್ಸೆಗೆ ಯಾವ ಓ ಪಾಸಿಟಿವ್ ರಕ್ತವೂ ಹೊಂದದೆ, ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರ ಅವರ ಬಳಗದ 20 ಜನರ ರಕ್ತ ಪರೀಕ್ಷಿಸಿತು. ಒಬ್ಬರದೂ ಹೊಂದಲಿಲ್ಲ. ವೈದ್ಯರು ರಕ್ತ ಏರಿಸದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಶೋಧಿಸಿದ ಮೇಲೆ, ಜಗತ್ತಿನಲ್ಲಿ ಅಲ್ಲಿಯತನಕ ಎಲ್ಲೂ ಕಾಣದ ಗುರುತೊಂದು ಅವರ ರಕ್ತದಲ್ಲಿ ಸಿಕ್ಕಿತು. 2025ರಲ್ಲಿ ಅದಕ್ಕೆ ‘ಕ್ರಿಬ್’ ಎಂದು ಹೆಸರಿಟ್ಟರು. ಆ ಹೆಸರಿನ ಕೊನೆಯ ಅಕ್ಷರದಲ್ಲಿ ಇರುವುದು ಬೆಂಗಳೂರು.

ಹೀಗೆ ಯಾವಾಗ ಮನೆಯವರ ರಕ್ತ ಬೇಕು, ಯಾವಾಗ ಬೇಡ ಎಂಬುದನ್ನು ತೀರ್ಮಾನಿಸುವುದು ರೋಗ ಮತ್ತು ರಕ್ತದ ಗುಣ. ನಮ್ಮ ಹಟವಲ್ಲ, ಜಾತಿಯ ಹೆಸರು ಹೇಳಿ ಮಾಡುವ ಆಯ್ಕೆಯಂತೂ ಖಂಡಿತ ಅಲ್ಲ.

ಕೇಳಬೇಕಾದ್ದು, ಕೊಡಬೇಕಾದ್ದು

ಮಗುವಿಗೆ ರಕ್ತ ಬೇಕೆಂದಾಗ ಹೆತ್ತವರು ಸುಮ್ಮನೆ ತಲೆಯಾಡಿಸಬೇಕಿಲ್ಲ. ಎಲ್ಲ ಪರೀಕ್ಷೆಗಳೂ ಆಗಿವೆಯೆ, ಬಿಳಿಕಣ ಸೋಸಿದ ರಕ್ತ ಸಿಗುತ್ತದೆಯೆ, ಒಂದೇ ದಾನಿಯ ಚೀಲವನ್ನು ಚಿಕ್ಕ ಚೀಲಗಳಾಗಿ ಹಂಚಿ ನಾಲ್ಕಾರು ಸಲ ಕೊಡಬಹುದೆ ಎಂದು ಕೇಳಿ. ಸಂಬಂಧಿಕರ ರಕ್ತವನ್ನೇ ಕೊಡುವುದಾದರೆ ವಿಕಿರಣ ಹಾಯಿಸುತ್ತೀರಾ ಎಂದು ಕೇಳಲೇಬೇಕು. ಯಾವ ಕೇಂದ್ರದಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂಬುದನ್ನು ಸರಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು. ಥಲಸ್ಸೀಮಿಯಾ, ಹಿಮೋಫಿಲಿಯಾದಂಥ ರೋಗ ಇರುವ ಮಕ್ಕಳಿಗೆ ರಕ್ತ ಉಚಿತವಾಗಿ ಸಿಗಬೇಕು.

ಕೊಡುವವರಿಗೆ ಬೇಕಾದ್ದು ಇಷ್ಟು: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ತೆಗೆಯುವುದು 350 ಮಿಲಿಲೀಟರ್, 55 ಕಿಲೋ ದಾಟಿದವರಿಂದ 450 ತೆಗೆಯಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೆಂಪುಕಣಗಳನ್ನು ಇಡಬಹುದಾದ್ದು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಬರೀ ಐದು ದಿನ. ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಮಗು ಉಳಿಯುವುದಿಲ್ಲ. ಮಳೆಗಾಲ, ಪರೀಕ್ಷೆ, ಜಾತ್ರೆ ಎನ್ನದೆ ತಿಂಗಳು ತಿಂಗಳೂ ಯಾರಾದರೂ ಹೋಗುತ್ತಿರಬೇಕು. ಕಾಲೇಜುಗಳು, ನೌಕಾನೆಲೆ, ಕೈಗಾ ಅಣುಸ್ಥಾವರ ಎಲ್ಲ ಇರುವ ತಾಲ್ಲೂಕು ನಮ್ಮದು. ಉಪ್ಪಿನ ಸತ್ಯಾಗ್ರಹಕ್ಕೆ ಊರಿಗೆ ಊರೇ ಎದ್ದು ನಿಂತ ನೆಲ ಅಂಕೋಲೆಯದು. ಜನರಿಗೆ ಇಲ್ಲಿ ಕೊರತೆಯಿಲ್ಲ.

ಮೊಗಸಾಲೆಯಲ್ಲಿ ನಿಂತ ಆ ಅಪ್ಪನಿಗೆ ನಾನು ಹೇಳಬೇಕೆಂದಿರುವುದು ಇದು. ಅಣ್ಣಾ, ಮಡಚಿದ ತೋಳನ್ನು ಇಳಿಸಬೇಡ. ಹಾಗೇ ರಕ್ತ ಕೇಂದ್ರಕ್ಕೆ ಹೋಗು. ಅಲ್ಲಿ ನಿನ್ನಿಂದ ತೆಗೆದ ಚೀಲದ ಮೇಲೆ ಒಂದು ಸಂಖ್ಯೆ, ಗುಂಪು, ಎರಡು ತಾರೀಕು ಬರೆಯುತ್ತಾರೆ. ನಿನ್ನ ಹೆಸರು ಇರುವುದಿಲ್ಲ. ಇವತ್ತು ನಿನ್ನ ಮಗುವಿನ ಮಂಚದ ಮೇಲೆ ತೂಗುತ್ತಿರುವ ಚೀಲದ ಮೇಲೂ ಯಾರ ಹೆಸರೂ ಇಲ್ಲ, ನೋಡು. ಹೊರಗೆ ಬರುವಾಗ ಮೂರು ತಿಂಗಳಾಚೆಯ ತಾರೀಕೊಂದನ್ನು ಮೊಬೈಲಿನಲ್ಲಿ ಗುರುತು ಹಾಕಿಕೋ. ಅಷ್ಟರಲ್ಲಿ ನಿನ್ನ ಮಗು ಮನೆಗೆ ಬಂದಿರಲಿ. ಆದರೂ ಆ ದಿನ ಮತ್ತೆ ಹೋಗು.